ಅಳತೆ ಸಾಹೇಬರ ಸ್ವೆಟರ್

ಈ ವರ್ಷ ಮೊದಲ ಬಹುಮಾನ ನನ್ನದೇ! ಹಾಗೆಂದು ಮನಸ್ಸಿನಲ್ಲಿ ಅಂದುಕೊಂಡು ಸುಮ್ಮನಿದ್ದಿದ್ದರೆ ಈ ತಪ್ಪೊಪ್ಪಿಗೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು ಹೇಳಿದ್ದು ನಮ್ಮ ಹೆಣಿಗೆ ಬಳಗದ ಹನ್ನೊಂದು ಹೆಂಗಸರ ನಡುವೆ, ಎದ್ದು ನಿಂತು, ಹೆಣಿಗೆ ಕಡ್ಡಿಯನ್ನು ಖಡ್ಗದಂತೆ ಮೇಲೆತ್ತಿ.

"ಪ್ರದರ್ಶನಕ್ಕೆ ನಾನು ಮಂಚ ತುಂಬೋ ಹೊದಿಕೆ ತರ್ತೀನಿ. ಒಂದೇ ಕೈ, ಒಂದೇ ಬಣ್ಣ. ಯಾರಾದರೂ ಒಂದು ಹುಳುಕು ಹುಡುಕಿ ನೋಡೋಣ!"

ಪಕ್ಕದ ಮನೆಯ ಡ್ರಾಯಿಂಗ್ ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಶಾಲೆಯಿಂದ ನಿವೃತ್ತರಾದವರು, ಇಪ್ಪತ್ತು ವರ್ಷದ ಗೆಳತಿ. ಕಳೆದ ನಾಲ್ಕು ವರ್ಷದಿಂದ ಮೊದಲ ಬಹುಮಾನವನ್ನು ತಮ್ಮ ಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿಕೊಂಡವರೂ ಅವರೇ.

"ಅಷ್ಟು ದೊಡ್ಡದಕ್ಕೆ ಉಣ್ಣೆ ಸಾಲುತ್ತೇನ್ರೀ?"

"ನನ್ನ ಅಂದಾಜು ತಪ್ಪೋದುಂಟೇ? ನಾನು ಯಾರ ಹೆಂಡತಿ ಅಂದ್ಕೊಂಡ್ರಿ?"

ನನ್ನ ಗಂಡ ಅಳತೆ ಮತ್ತು ತೂಕದ ಇಲಾಖೆಯ ಅಧಿಕಾರಿ. ಊರಿನ ತಕ್ಕಡಿಗಳೆಲ್ಲ ಅವರನ್ನು ಕಂಡರೆ ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ. ಅಂಗಡಿಯವರು ಅವರನ್ನು 'ಅಳತೆ ಸಾಹೇಬರು' ಎನ್ನುತ್ತಾರೆ. "ಸೀಲ್ ಇಲ್ಲದ ಅಳತೆ ಅಳತೆಯೇ ಅಲ್ಲ" ಎನ್ನುವುದು ಅವರ ಜೀವಮಾನದ ಮಂತ್ರ. ಅಂಥವರ ಹೆಂಡತಿಯ ಅಂದಾಜು ಪ್ರದರ್ಶನಕ್ಕೆ ಹನ್ನೊಂದು ದಿನ ಇರುವಾಗ ಕೈಕೊಟ್ಟಿತು. ಹೊದಿಕೆ ಮುಗಿಯಲು ಮೂರು ಬೆರಳಗಲದ ಅಂಚು ಬಾಕಿ. ಬುಟ್ಟಿಯಲ್ಲಿ ಒಂದೆಳೆ ಉಣ್ಣೆ ಇಲ್ಲ!

ಅಂಗಡಿಗೆ ಓಡಿದೆ. ಅಂಗಡಿಯ ಯಜಮಾನರು ಅದೇ ಬದನೆಕಾಯಿ ಬಣ್ಣದ, ಅದೇ ನಂಬರಿನ ಉಂಡೆ ತೆಗೆದು ಮುಂದಿಟ್ಟರು. ನಾನು ಚೀಟಿ ತಿರುಗಿಸಿ ನೋಡಿದೆ. ಬಣ್ಣದ ನಂಬರೇನೋ ಅದೇ, ಆದರೆ ಕೆಳಗಿದ್ದ ಲಾಟ್ ನಂಬರ್ ಬೇರೆ! ಹೆಣೆಯದವರಿಗೆ ಇದು ಗೊತ್ತಾಗುವುದಿಲ್ಲ. ಒಂದು ಸಲ ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದ ಉಂಡೆಗಳೆಲ್ಲ ಒಂದು ಲಾಟ್. ಮುಂದಿನ ಸಲ ಅದ್ದಿದ್ದು ಕೂದಲೆಳೆಯಷ್ಟು ತಿಳಿಯಾಗಬಹುದು, ಕೂದಲೆಳೆಯಷ್ಟು ಗಾಢವಾಗಬಹುದು.

"ಯಾರಿಗಮ್ಮಾ ಗೊತ್ತಾಗುತ್ತೆ? ನನಗೇ ಗೊತ್ತಾಗಲ್ಲ," ಎಂದರು ಯಜಮಾನರು.

"ನಮ್ಮಲ್ಲಿ ಡ್ರಾಯಿಂಗ್ ಮೇಡಂ ಇದ್ದಾರೆ," ಎಂದು ಉಂಡೆಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಮನೆಗೆ ಬಂದು ಬಾಗಿಲು ತೆರೆದರೆ ಎದುರಿಗೇ ಸ್ಟ್ಯಾಂಡಿನಲ್ಲಿ ಗಂಡನ ಸ್ವೆಟರ್ ತೂಗುತ್ತಿತ್ತು. ಬದನೆಕಾಯಿ ಬಣ್ಣ! ಹೋದ ಚಳಿಗಾಲದಲ್ಲಿ ನಾನೇ ಹೆಣೆದದ್ದು. ಒಂದೇ ದಿನ ಕೊಂಡ ಇಪ್ಪತ್ತು ಉಂಡೆಗಳಲ್ಲಿ ಏಳು ಆ ಸ್ವೆಟರಿಗೆ ಹೋಗಿ ಉಳಿದ ಹದಿಮೂರು ಈ ಹೊದಿಕೆಗೆ ಬಂದಿದ್ದವು. ಅದೇ ಲಾಟ್! ಅದೂ ಕುತ್ತಿಗೆಯಿಂದ ಶುರುಮಾಡಿ ಕೆಳಕ್ಕೆ ಹೆಣೆದದ್ದು. ಕೆಳಗಿನ ಅಂಚು ಬಿಚ್ಚಿ ಎಳೆದರೆ ನೂಲು ಸರಸರನೆ ಬರುತ್ತದೆ.

ಒಂದೇ ಒಂದು ಇಂಚು, ಎಂದುಕೊಂಡೆ. ಗಂಡಸರು ಸ್ವೆಟರಿನ ಉದ್ದ ನೋಡುತ್ತಾರೆಯೇ? ಅವರು ಆಫೀಸಿನಲ್ಲಿದ್ದಾಗ ಒಂದಿಂಚು ಬಿಚ್ಚಿ, ಅಂಚು ಮೊದಲಿನಂತೆಯೇ ಮುಗಿಸಿ, ಸ್ಟ್ಯಾಂಡಿಗೆ ನೇತುಹಾಕಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂಬುದು ನನಗೂ ಗೊತ್ತಿತ್ತು. ಆದರೆ ಹೊದಿಕೆಗೆ ಆರು ಸಾಲು ಕೂಡಿಕೊಂಡ ಸಂತೋಷದಲ್ಲಿ ಬೇಲಿಯ ವಿಷಯ ಮರೆತೇ ಹೋಯಿತು.

ನಮ್ಮ ಬೀದಿಗೆ ನೀರು ಬರುವುದು ಬೆಳಗ್ಗೆ ಐದೂವರೆಗೆ. ಗೇಟಿನ ಪಕ್ಕದ ಗುಂಡಿಯೊಳಗೆ ಒಂದು ಹಳೆಯ ವಾಲ್ವ್ ಇದೆ. ಇಪ್ಪತ್ತೇಳು ವರ್ಷಗಳಿಂದ ಅದು ಗಂಡನ ಇಲಾಖೆ. ಮಾರನೆಯ ಬೆಳಗ್ಗೆ ಸ್ವೆಟರ್ ತೊಟ್ಟು ವಾಲ್ವ್ ತಿರುಗಿಸಲು ಹೋದವರು ಸೊಂಟ ಹಿಡಿದುಕೊಂಡು ಒಳಗೆ ಬಂದರು.

"ಏ, ಬಗ್ಗಿದ್ರೆ ಸೊಂಟಕ್ಕೆ ಗಾಳಿ ಹೊಡೀತಾ ಇದೆ ಕಣೇ. ಸ್ವೆಟರ್ ಕುಗ್ಗಿದೆಯಾ ನೋಡು."

ದೇವರಾಣೆಗೂ ಇದು ಆ ಭಗವಂತ ನನಗಾಗಿಯೇ ತೆರೆದಿಟ್ಟ ಬಾಗಿಲು. 'ಹೌದು ರೀ, ಬಿಸಿನೀರಲ್ಲಿ ಹಾಕಿಬಿಟ್ಟೆ' ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಗಿಂತ ಮೊದಲು ನನ್ನ ಜಂಬ ಮಾತಾಡಿತು.

"ನಾನು ಹೆಣೆದದ್ದು ಕುಗ್ಗೋದಾ? ಮೂವತ್ತು ವರ್ಷದಲ್ಲಿ ಒಂದು ಕಾಲುಚೀಲವಾದರೂ ಕುಗ್ಗಿದೆಯಾ?"

"ಹಾಗಾದ್ರೆ?"

"ಹಾಗಾದ್ರೆ ಇನ್ನೇನು, ನಿಮ್ಮ ಹೊಟ್ಟೆ ಬಂದಿರಬೇಕು!"

ಅವರು ಕನ್ನಡಿಯ ಮುಂದೆ ಅಡ್ಡಡ್ಡ ನಿಂತು ಬಹಳ ಹೊತ್ತು ನೋಡಿಕೊಂಡರು. ಅಂದಿನಿಂದ ಮನೆಯಲ್ಲಿ ಪಥ್ಯ ಶುರುವಾಯಿತು. ಬೇಯಿಸಿದ ಸೊಪ್ಪು, ಉಪ್ಪಿಲ್ಲದ ಸಾರು. ಎಣ್ಣೆ ಡಬ್ಬಿ ಅಟ್ಟ ಹತ್ತಿತು. "ನನ್ನೊಬ್ಬನಿಗೆ ಯಾಕೆ, ಇಬ್ಬರೂ ತಿನ್ನೋಣ" ಎಂದು ಧಾರಾಳವಾಗಿ ನನ್ನನ್ನೂ ಸೇರಿಸಿಕೊಂಡರು. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಬರಿಯ ಗಾದೆಯಲ್ಲ, ಅದು ಆ ವಾರದ ನಮ್ಮ ಊಟದ ಪಟ್ಟಿ.

ಎರಡು ದಿನ ಕಳೆದು ಎರಡನೇ ಇಂಚು ಬಿಚ್ಚಿದೆ. ಮತ್ತೆ ಮೂರು ದಿನಕ್ಕೆ ಮೂರನೆಯದು. ಅಷ್ಟರಲ್ಲಿ ಪಥ್ಯದಿಂದ ಅವರ ತೂಕ ಎರಡು ಕಿಲೋ ಇಳಿದಿತ್ತು. ಇಲಾಖೆಯ ಸೀಲ್ ಬಿದ್ದ ತಕ್ಕಡಿಯಲ್ಲಿ ಅಕ್ಕಿಮಂಡಿಯವರ ಎದುರಿಗೇ ಹತ್ತಿ ನಿಂತು ತೂಗಿಕೊಂಡು ಬಂದಿದ್ದರು. ಸಂತೋಷಪಡುತ್ತಾರೆ ಅಂದುಕೊಂಡರೆ ಮುಖ ಬಿಳಿಚಿಕೊಂಡಿತ್ತು.

"ತೂಕ ಇಳೀತಾ ಇದೆ," ಎಂದರು ನಿಧಾನವಾಗಿ. "ಹೊಟ್ಟೆ ಏರ್ತಾ ಇದೆ. ಸ್ವೆಟರ್ ಹೊಕ್ಕಳ ಹತ್ತಿರ ಬಂತು. ಇದು ಒಳ್ಳೇ ಲಕ್ಷಣ ಅಲ್ಲ ಕಣೇ."

ನಾನು ಬೇಗ ಬೇಗ ಬುಟ್ಟಿಯಿಂದ ನನ್ನ ಬಟ್ಟೆಯ ಟೇಪು ತೆಗೆದು ಅವರ ಹೊಟ್ಟೆಗೆ ಸುತ್ತಿದೆ.

"ನೋಡಿ, ಮೂವತ್ತೆಂಟು. ಹೋದ ವರ್ಷವೂ ಮೂವತ್ತೆಂಟೇ. ಒಂದು ಗುಲಗಂಜಿಯಷ್ಟೂ ಏರಿಲ್ಲ!"

ಅವರು ಟೇಪನ್ನು ತಿರುಗಾಮುರುಗಾ ಮಾಡಿ ನೋಡಿದರು. "ಇದಕ್ಕೆ ಸೀಲ್ ಎಲ್ಲಿದೆ? ಹಳೇ ಟೇಪು, ಹಿಗ್ಗಿದೆ. ಇದರ ಮಾತು ನಂಬಬೇಡ."

"ಆಫೀಸಿಂದ ಸೀಲಿರೋ ಟೇಪು ತನ್ನಿ ಮತ್ತೆ."

"ಸರ್ಕಾರಿ ಟೇಪಲ್ಲಿ ಸ್ವಂತ ಹೊಟ್ಟೆ ಅಳೀತಾರೇನೇ?"

ಪ್ರಾಮಾಣಿಕ ಗಂಡನನ್ನು ಕೊಡಪ್ಪಾ ಎಂದು ಬೇಡಿಕೊಳ್ಳುವ ಹೆಣ್ಣುಮಕ್ಕಳೇ, ಎರಡು ಸಲ ಯೋಚಿಸಿ!

ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ, ತಟ್ಟಿ, ಕಿವಿಗೊಟ್ಟು ಕೇಳಿದರು.

"ನನಗೇನೂ ಕಾಣ್ತಿಲ್ಲ. ಊತ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಸ್ವೆಟರ್ ಹೇಳ್ತು ಡಾಕ್ಟ್ರೇ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಕರುಳಿನ ಚಿತ್ರ ನೋಡಿದೆ. ಯಾವುದಕ್ಕೂ ಇರಲಿ ಎಂದು ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಸೋಮವಾರಕ್ಕೆ ದಿನ ಸಿಕ್ಕಿತು. ಪ್ರದರ್ಶನ ಭಾನುವಾರ. ಭಾನುವಾರ ಸಂಜೆ ಬಹುಮಾನ ಕೈಗೆ ಬಂದ ತಕ್ಷಣ ಎಲ್ಲ ಹೇಳಿಬಿಡುತ್ತೇನೆ, ಇನ್ನು ಮೂರೇ ದಿನ ತಾನೇ ಎಂದು ನನ್ನ ಆತ್ಮಸಾಕ್ಷಿಗೆ ಸಮಾಧಾನ ಹೇಳಿ, ಶುಕ್ರವಾರ ನಾಲ್ಕನೇ ಇಂಚನ್ನೂ ಬಿಚ್ಚಿದೆ. ನಾನು ಕೆಟ್ಟ ಹೆಂಗಸು ಅನ್ನಿ, ಒಪ್ಪುತ್ತೇನೆ. ಆದರೆ ಹೊದಿಕೆ ಮುಗಿಯಿತು!

ಶನಿವಾರ ಐದು ಗಂಟೆಗೇ ನನ್ನನ್ನು ಎಬ್ಬಿಸಿದರು.

"ಬಾ ಇಲ್ಲಿ. ವಾಲ್ವ್ ತಿರುಗಿಸೋದು ಕಲಿತ್ಕೋ."

"ನಾನ್ಯಾಕೆ ರೀ?"

"ನಾನಿಲ್ಲದಾಗ ಯಾರು ತಿರುಗಿಸ್ತಾರೆ?"

ಚಳಿಯಲ್ಲಿ ಇಬ್ಬರೂ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ನನ್ನ ಕೈಯನ್ನು ವಾಲ್ವಿನ ಮೇಲಿಟ್ಟು ಅದರ ಮೇಲೆ ತಮ್ಮ ಕೈಯಿಟ್ಟರು. "ಎಡಕ್ಕೆ ಮೂರೂಕಾಲು ಸುತ್ತು. ಸರಿಯಾಗಿ ಮೂರೂಕಾಲು. ಹೆಚ್ಚಾದ್ರೆ ನೀರು ಬೀದಿಪಾಲು, ಕಡಿಮೆಯಾದ್ರೆ ತೊಟ್ಟಿ ತುಂಬಲ್ಲ. ಹೆದರಬೇಡ, ನಾಲ್ಕು ದಿನದಲ್ಲಿ ಕೈಗೆ ಬರುತ್ತೆ." ಬಗ್ಗಿದಾಗ ಸ್ವೆಟರ್ ಮೇಲೇರಿ ಅವರ ಬೆನ್ನು ಗಾಳಿಗೆ ಬಯಲಾಯಿತು. ಇಪ್ಪತ್ತೇಳು ವರ್ಷದಲ್ಲಿ ಈ ಮನುಷ್ಯ ನನ್ನ ಒಂದು ಮಾತನ್ನೂ ತೂಗಿ ನೋಡದೆ ನಂಬಿದ್ದಾರಲ್ಲ ಎನಿಸಿ ಅಳು ಬಂತು.

"ರೀ, ಒಂದು ಮಾತು..."

"ಏನೂ ಹೇಳಬೇಡ. ನಿನ್ನ ಬಹುಮಾನ ನೋಡ್ಬೇಕು, ಅಷ್ಟೇ ನನಗೆ ಆಸೆ."

ಹೇಳಿ ನೋಡೋಣ! ಅವರು ಅಷ್ಟು ಹೇಳಿದ ಮೇಲೆ ನಾನು ಯಾವ ಬಾಯಿಂದ ಹೇಳುವುದು?

ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಪ್ರದರ್ಶನ. "ಶೆಖೆ ಆಗುತ್ತೆ, ಸ್ವೆಟರ್ ಬೇಡ ರೀ" ಎಂದು ಗೋಗರೆದೆ. "ನೀನು ಹೆಣೆದದ್ದು, ಹಾಕ್ಕೊಂಡೇ ಬರ್ತೀನಿ" ಎಂದರು. ದಾರಿಯುದ್ದಕ್ಕೂ ಅದನ್ನು ಎರಡು ಕೈಯಿಂದ ಕೆಳಕ್ಕೆ ಎಳೆದುಕೊಳ್ಳುತ್ತಲೇ ಬಂದರು. ಒಳಗೆ ಹೋದ ಮೇಲೆ ಅವರನ್ನು ಹಿಂದಿನ ಸಾಲಿನ ಮೂಲೆಯ ಕುರ್ಚಿಯಲ್ಲಿ, ಒಂದು ಕಂಬದ ಮರೆಗೆ ಕೂರಿಸಿ ಬಂದೆ.

ತೀರ್ಪುಗಾರ್ತಿ ಎಪ್ಪತ್ತು ದಾಟಿದ ಹಿರಿಯರು. ನನ್ನ ಹೊದಿಕೆಯ ಮುಂದೆ ನಿಂತು ತಲೆದೂಗಿದರು. ಅಂಗೈಯಿಂದ ಸವರಿದರು. ಹಿಂಬದಿ ತಿರುಗಿಸಿ ಗಂಟು ಹುಡುಕಿದರು, ಸಿಗಲಿಲ್ಲ! ಮೊದಲ ಬಹುಮಾನದ ಕೆಂಪು ರಿಬ್ಬನ್ ಅವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಅವರ ಬೆರಳು ಕೊನೆಯ ಮೂರು ಬೆರಳಗಲದ ಅಂಚಿಗೆ ಬಂದು ನಿಂತಿತು.

"ಈ ಅಂಚಿನ ಬಣ್ಣ ಒಂಚೂರು ಮಾಸಿದೆಯಲ್ಲ?"

"ಇಲ್ಲ, ಸಾಧ್ಯವೇ ಇಲ್ಲ! ಅದೇ ಲಾಟ್!"

"ಲಾಟ್ ಅದೇ ಇರಬಹುದಮ್ಮ. ಆದ್ರೆ ಇದು ಒಗೆದು, ಬಿಸಿಲಿಗೆ ಹಾಕಿ ಬಳಸಿದ ಉಣ್ಣೆ."

ಒಗೆದದ್ದು! ಬಿಸಿಲು! ಒಂದು ಇಡೀ ವರ್ಷ ಆ ಸ್ವೆಟರನ್ನು ಒಗೆದು ಒಣಗಿಸಿದ್ದು ಈ ಎರಡು ಕೈಗಳೇ. ಮೂವತ್ತು ವರ್ಷದ ಅನುಭವಕ್ಕೆ ಅಷ್ಟು ಹೊಳೆಯಬಾರದೇ! ಲಾಟ್ ನಂಬರಿನ ಧ್ಯಾನದಲ್ಲಿ ಸೋಪನ್ನೂ ಸೂರ್ಯನನ್ನೂ ಮರೆತಿದ್ದೆ.

"ಎಲ್ಲೋ ನೋಡಿದ್ದೀನಿ ಈ ಬಣ್ಣನ," ಎಂದರು ಡ್ರಾಯಿಂಗ್ ಮೇಡಂ. ಅವರ ಕಣ್ಣು ಸಭಾಂಗಣವನ್ನೆಲ್ಲ ಸುತ್ತಿತು. ನನ್ನ ದುರದೃಷ್ಟಕ್ಕೆ ಅದೇ ಹೊತ್ತಿಗೆ ನನ್ನ ಗಂಡ ಹೆಂಡತಿಯ ಬಹುಮಾನ ಕಣ್ತುಂಬ ನೋಡಲು ಕಂಬದ ಮರೆಯಿಂದ ಎದ್ದು ಬಂದಿದ್ದರು. ಚಪ್ಪಾಳೆ ತಟ್ಟಲು ಕೈ ಎತ್ತಿದ್ದರಿಂದ ಸ್ವೆಟರ್ ಪಕ್ಕೆಲುಬಿನ ಹತ್ತಿರ ಇತ್ತು.

"ಅಗೋ!" ಎಂದರು ಮೇಡಂ.

ತೀರ್ಪುಗಾರ್ತಿ ಹೊದಿಕೆಯ ಅಂಚನ್ನು ಎತ್ತಿ ಸ್ವೆಟರಿಗೆ ಹಿಡಿದರು. ಯಾವುದು ಹೊದಿಕೆ, ಯಾವುದು ಸ್ವೆಟರ್ ಎಂದು ಹೇಳಲಾಗದಷ್ಟು ಹೊಂದಿಕೊಂಡಿತು! ಅಳತೆ ಸಾಹೇಬರು ಅಂಚನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಜೀವಮಾನವೆಲ್ಲ ತೂಕದಲ್ಲಿ ಮೋಸ ಹಿಡಿದ ಮನುಷ್ಯ. ಅರ್ಥವಾಗಲು ಐದು ಸೆಕೆಂಡು ಸಾಕಾಯಿತು.

"ಎಷ್ಟು?"

"ನಾಲ್ಕು ಇಂಚು ರೀ."

"ಒಂದೇ ಸಲವಾ?"

"ಇಲ್ಲ. ಒಂದೊಂದೇ."

"ಹಾಗಾದ್ರೆ ನನ್ನ ಹೊಟ್ಟೆ?"

"ಅದು ಎಲ್ಲಿತ್ತೋ ಅಲ್ಲೇ ಇದೆ. ನಿಮಗೇನೂ ಆಗಿಲ್ಲ ರೀ!"

ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಪಕ್ಕದ ಕುರ್ಚಿಯಲ್ಲಿ ದೊಪ್ಪನೆ ಕೂತು, ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡು, ಇಡೀ ಸಭೆಯ ಮುಂದೆ ಗಹಗಹಿಸಿ ನಗತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಆ ನಗು ನೋಡಿದ ಮೇಲೆಯೇ ಅವರು ಎಷ್ಟು ಹೆದರಿದ್ದರು ಎಂಬುದು ನನಗೆ ಪೂರ್ತಿ ತಿಳಿದದ್ದು.

ಕೆಂಪು ರಿಬ್ಬನ್ ಐದನೇ ಸಲ ಪಕ್ಕದ ಮನೆಗೆ ಹೋಯಿತು. ನನಗೆ ಸಿಕ್ಕ ಚೀಟಿಯಲ್ಲಿ ತೀರ್ಪುಗಾರ್ತಿ ಸ್ವಹಸ್ತದಿಂದ ಬರೆದಿದ್ದರು: 'ಕೈಕೆಲಸ ಅತ್ಯುತ್ತಮ. ನೂಲಿನ ಮೂಲ ಶಂಕಾಸ್ಪದ.'

ಮನೆಗೆ ಬಂದವರೇ ಅಳತೆ ಸಾಹೇಬರು ಅಧಿಕೃತ ದನಿಯಲ್ಲಿ ತೀರ್ಪಿತ್ತರು. "ತಪ್ಪು ಅಳತೆಯ ಮಾಲು ಸಿಕ್ಕಿದರೆ ಜಪ್ತಿ. ಅದು ಕಾನೂನು." ಹೊದಿಕೆ ಜಪ್ತಿಯಾಯಿತು. ಎಣ್ಣೆ ಡಬ್ಬಿ ಅಟ್ಟದಿಂದ ಇಳಿಯಿತು. ಸ್ಕ್ಯಾನಿಂಗ್ ರದ್ದಾಯಿತು. ಅಂಗಡಿಯಲ್ಲಿ ನಾನು ಬಿಟ್ಟು ಬಂದಿದ್ದ ಬೇರೆ ಲಾಟಿನ ಉಂಡೆಯನ್ನೇ ತಂದು ಸ್ವೆಟರಿಗೆ ನಾಲ್ಕಿಂಚು ಹೆಣೆದುಕೊಟ್ಟೆ.

ಎಲ್ಲ ಸರಿಹೋಯಿತು ಎಂದು ನಿಶ್ಚಿಂತೆಯಿಂದ ಮಲಗಿದರೆ, ಬೆಳಗ್ಗೆ ಐದು ಇಪ್ಪತ್ತೈದಕ್ಕೆ ಯಾರೋ ಭುಜ ತಟ್ಟಿದರು.

"ಏಳು. ನೀರು ಬರೋ ಹೊತ್ತಾಯ್ತು."

"ಅದು ನಿಮ್ಮ ಕೆಲಸ ಅಲ್ವಾ?"

"ನಾನಿಲ್ಲದಾಗ ಅಂತ ನಿನಗೆ ಕಲಿಸಿದೆನಲ್ಲ? ಹತ್ತು ದಿನ ಇಂಚಿಂಚಾಗಿ ಸಾಯ್ಸಿದ್ದೀಯ. ಇನ್ನು ನಾನು ಇಲ್ಲ ಅಂತಲೇ ತಿಳ್ಕೋ."

"ಚಳಿ ಕಣ್ರೀ! ನನಗೆ ಒಂದು ಸ್ವೆಟರೂ ಇಲ್ಲ!"

ಊರಿಗೆಲ್ಲ ಹೆಣೆದವಳು ನಾನು. ನನಗಾಗಿ ಒಂದನ್ನೂ ಹೆಣೆದುಕೊಂಡಿಲ್ಲ ಎನ್ನುವುದು ಆಗಲೇ ನೆನಪಾದದ್ದು. ಅವರು ಮಾತ್ರ ಜಪ್ತಿ ಮಾಡಿದ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ನಾನು ಕದ್ದ ನಾಲ್ಕಿಂಚನ್ನು ಸರಿಯಾಗಿ ಪಾದಗಳ ಮೇಲೆ ಹರಡಿಕೊಂಡು ಮಗ್ಗುಲು ಬದಲಿಸಿದರು.

ಈಗ ದಿನವೂ ಬೆಳಗ್ಗೆ ಗೇಟಿನ ಪಕ್ಕದ ಗುಂಡಿಯ ಮುಂದೆ ನಡುಗುತ್ತಾ ಕೂತಿರುವವಳು ನಾನೇ. ಕಿಟಕಿಯೊಳಗಿನಿಂದ, ಬೆಚ್ಚಗಿನ ದನಿಯಲ್ಲಿ, ತಪ್ಪದೆ ಒಂದು ಕೂಗು ಬರುತ್ತದೆ.

"ಮೂರೂಕಾಲು ಸುತ್ತು ಕಣೇ! ಒಂದಿಂಚೂ ಕಡಿಮೆ ಮಾಡಬೇಡ!"