ಮೊದಲು ನೀವು

ಆಯ್ತಣ್ಣನ ಆ ದಿನದ ಪಾಡಿಗೆಲ್ಲ ಕಾರಣ ಅವನು ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಆಡಿದ ಒಂದೇ ಒಂದು ಮಾತು: "ನಮ್ಮ ದ್ವೀಪದಲ್ಲಿ ಹೆದರೋ ಅಂಥದ್ದು ಏನೂ ಇಲ್ಲ ಸಾರ್."

ಯಾರು ಏನು ಕೇಳಿದರೂ 'ಆಯ್ತು' ಅನ್ನುವುದೇ ರೂಢಿಯಾಗಿ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಹೆತ್ತವರು ಇಟ್ಟ ಹೆಸರು ಈಗ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ. ಮಹಡಿಯ ಮೇಲೆ ಸಾಲಾಗಿ ಕೋಣೆ ಕಟ್ಟಿಸಿ, ಕಿಟಕಿಗಳೆಲ್ಲ ಸಮುದ್ರದ ಕಡೆ ಬಾಯಿ ತೆರೆಯುವಂತೆ ಮಾಡಿಸಿ, ಹೊರಗೆ 'ತಂಗುಮನೆ' ಎಂದು ಬೋರ್ಡು ತೂಗಿಸಿದ್ದ. ಮಳೆಗಾಲ ಕಳೆದು ಬಿಸಿಲು ಬಲಿತರೂ ಅಲ್ಲಿ ತಂಗಿದ್ದು ಹಲ್ಲಿಗಳು ಮಾತ್ರ. ಅವೂ ಬಾಡಿಗೆ ಕೊಡುವ ಪೈಕಿ ಅಲ್ಲ.

ಹೆಂಡತಿಯ ತಮ್ಮನಿಗೆ ಮೀನು ಒಣಗಿಸುವ ವ್ಯಾಪಾರ. ಆ ಮಹಡಿಯ ಮೇಲೆ ಅವನಿಗೆ ಎಂದಿನಿಂದಲೋ ಕಣ್ಣು. ಬೆಳಿಗ್ಗೆ ಕಾಫಿ ಲೋಟ ಕೈಗಿಡುವಾಗಲೇ ಹೆಂಡತಿ ತೀರ್ಪು ಕೊಟ್ಟಿದ್ದಳು. "ನೋಡ್ರೀ, ಸಂಜೆ ದೋಣಿ ಹೊರಡೋದ್ರೊಳಗೆ ಕೋಣೆ ಬುಕ್ ಆದ್ರೆ ಸರಿ. ಇಲ್ದಿದ್ರೆ ಮಹಡಿ ನನ್ನ ತಮ್ಮನ ಮೀನಿಗೆ."

ಆಯ್ತಣ್ಣ "ಆಯ್ತು" ಅಂದಿದ್ದ. ಯಾಕೆಂದರೆ ಅದೇ ಬೆಳಗಿನ ದೋಣಿಗೆ ಆಚೆ ದಡದಿಂದ ನಿವೃತ್ತ ನೌಕರರ ಸಂಘದ ಕಾರ್ಯದರ್ಶಿಗಳು ಬರುವವರಿದ್ದರು. ಜಾಗ ಮೆಚ್ಚಿಗೆಯಾದರೆ ಸಂಘಕ್ಕೆ ಸಂಘವೇ ಬಂದು ವಾರವಿಡೀ ತಂಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು.

ಕಾರ್ಯದರ್ಶಿಗಳು ಇಳಿದರು. ತಲೆಗೆ ಟೋಪಿ, ಟೋಪಿಗೆ ಕೊಡೆ, ಕೊರಳಲ್ಲಿ ಸೀಟಿ. ಕೈಕುಲುಕಲೆಂದು ಆಯ್ತಣ್ಣ ಕೈ ಚಾಚಿದರೆ ಅವರು ತಮ್ಮ ಐದು ಬೆರಳನ್ನೂ ಅಗಲಿಸಿ ಅವನ ಮೂಗಿನ ಮುಂದೆ ಹಿಡಿದರು. ದ್ವೀಪಗಳನ್ನು ನೋಡಿಬಂದವರೆಲ್ಲ ಅವರಿಗೆ ಐದು ವಿಷಯ ಹೇಳಿದ್ದರಂತೆ. ಅಲ್ಲಿನ ನೀರು ಕುಡಿದರೆ ಹೊಟ್ಟೆ ಕೆಡುತ್ತದೆ. ತೆಂಗಿನ ಮರದ ಕೆಳಗೆ ಕೂತರೆ ತಲೆ ಮೇಲೆ ಕಾಯಿ ಬೀಳುತ್ತದೆ. ಸಮುದ್ರಕ್ಕೆ ಕಾಲಿಟ್ಟರೆ ಮುಳ್ಳು ಚುಚ್ಚುತ್ತದೆ. ಕೋತಿ ಕನ್ನಡಕ ಕಸಿಯುತ್ತದೆ. ಬಾಡಿಗೆ ಸ್ಕೂಟರಿಗೆ ಬ್ರೇಕು ಹಿಡಿಯುವುದಿಲ್ಲ.

"ಇದರಲ್ಲಿ ನಿಮ್ಮಲ್ಲಿ ಏನೇನಿದೆ?" ಎಂದು ಕೇಳಿದರು.

ಆಗಲೇ ಆಯ್ತಣ್ಣ ಆ ಮಾತು ಆಡಿದ್ದು. ಕಾರ್ಯದರ್ಶಿಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಒಂದೂ ಇಲ್ವಾ? ಬಾಯಿಮಾತು ಬೇಡಪ್ಪ, ನಾನು ಕಣ್ಣಾರೆ ನೋಡ್ಬೇಕು. ಮೊದಲು ನೀವು ಮಾಡಿ ತೋರ್ಸಿ."

"ಆಯ್ತು," ಅಂದ ಆಯ್ತಣ್ಣ.

ಮೊದಲು ನೀರು. ಮನೆಯ ಜಗುಲಿಯಲ್ಲಿ ಕುಳಿತು, ಕುದಿಸದ ಬಾವಿ ನೀರನ್ನು ಲೋಟದ ಮೇಲೆ ಲೋಟ ಇಳಿಸಿದ. ಕಾರ್ಯದರ್ಶಿಗಳು ಎದುರು ಕೂತು, ಒಲೆಯ ಮೇಲಿಟ್ಟ ಹಾಲನ್ನು ಕಾಯುವ ಹಾಗೆ ಅವನ ಹೊಟ್ಟೆಯನ್ನೇ ಕಾದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ಮೇಜು ಎಳೆದಂಥ ಸದ್ದು ಬಂತು. ಅದು ಹಸಿವು ಎಂದ ಆಯ್ತಣ್ಣ. ಕಾರ್ಯದರ್ಶಿಗಳು ನಿಟ್ಟುಸಿರುಬಿಟ್ಟು ಹೆಬ್ಬೆರಳು ಮಡಚಿದರು. ಒಂದು ಗಂಡಾಂತರ ಕಳೆಯಿತು ಎಂದು ಆಯ್ತಣ್ಣನ ಜೀವ ಹೂವಾಯಿತು.

ಅಷ್ಟರಲ್ಲಿ ಸಂಘಕ್ಕೆ ಸಂಘವೇ ಬರುತ್ತದಂತೆ ಎಂಬ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಎಳನೀರು ಮಾರುವ ಅಕ್ಕ ಓಡಿಬಂದು ಆಯ್ತಣ್ಣನನ್ನು ಎಳೆದೊಯ್ದು ತನ್ನ ಅಂಗಡಿಯ ಪಕ್ಕದ ಮರದ ಬುಡದಲ್ಲಿ ಸ್ಟೂಲ್ ಹಾಕಿ ಕೂರಿಸಿದಳು. ತಾನು ಅಂಗಡಿ ಇಟ್ಟ ಮೇಲೆ ಈ ಮರ ಒಂದು ಗರಿಯನ್ನೂ ಕೇಳದೆ ಉದುರಿಸಿಲ್ಲ ಎಂದಳು. ಕಾರ್ಯದರ್ಶಿಗಳು ದೂರದಲ್ಲಿ ಕೊಡೆ ಬಿಡಿಸಿ ನಿಂತರು.

ಕಾಯಿ ಬೀಳಲಿಲ್ಲ. ಬಿಸಿಲು ಏರುತ್ತ ನೆರಳು ಮಾತ್ರ ಸದ್ದಿಲ್ಲದೆ ಎದ್ದು ಆಚೆ ಹೋಯಿತು. ಆಯ್ತಣ್ಣ ಏಳುವ ಹಾಗಿಲ್ಲ. ಅವನ ಎಡಗೆನ್ನೆ, ಎಡಗಿವಿ, ಎಡಗೈ ಸುಟ್ಟು ಕೆಂಪಾದವು. ಬಲಭಾಗ ಹಾಗೇ ಉಳಿಯಿತು. ಒಂದೇ ಮಗ್ಗುಲಿಗೆ ಹಣ್ಣಾದ ಮಾವಿನಕಾಯಿಯ ಹಾಗೆ ಕಾಣುತ್ತಿದ್ದ.

ಸಾಕು ಎಂದು ಕಾರ್ಯದರ್ಶಿಗಳು ಬೆನ್ನು ತಿರುಗಿಸಿದರು. ಆಯ್ತಣ್ಣ ಎದ್ದ. ಅವನು ಎದ್ದ ಸ್ಟೂಲಿನ ಮೇಲೆ ದಢಾರನೆ ಒಂದು ಕಾಯಿ ಬಿದ್ದು ಸ್ಟೂಲಿನ ಕಾಲು ಮುರಿಯಿತು. ಕಾರ್ಯದರ್ಶಿಗಳು ತಿರುಗುವಷ್ಟರಲ್ಲಿ ಅಕ್ಕ ಕಾಯಿಯನ್ನು ಎತ್ತಿ ಮಗುವಿನಂತೆ ಅವುಚಿಕೊಂಡಿದ್ದಳು. "ನಿಮಗೆ ಅಂತಾನೇ ಕೀಳಿಸಿಟ್ಟಿದ್ದೆ ಸಾರ್. ಕೈ ಜಾರ್ತು."

ಕಾರ್ಯದರ್ಶಿಗಳು ಮತ್ತೊಂದು ಬೆರಳು ಮಡಚಿದರು.

ಸಮುದ್ರದಲ್ಲಿ ಆಯ್ತಣ್ಣ ಮೊಣಕಾಲುದ್ದ ನೀರಿಗೂ ಇಳಿದಿರಲಿಲ್ಲ, ಕಲ್ಲಿನ ಸಂದಿಯ ಮುಳ್ಳುಚೆಂಡಿನಂಥ ಪ್ರಾಣಿಯೊಂದರ ಮೇಲೆ ಸರಿಯಾಗಿ ಕಾಲಿಟ್ಟ. ಏಳು ಸಮುದ್ರದಾಚೆ ಕೇಳುವಂಥ ಕೂಗೊಂದು ಗಂಟಲಿಗೆ ಬಂತು. ಮಹಡಿಯ ತುಂಬ ಒಣಮೀನು ನೇತಾಡುವುದನ್ನು ನೆನೆಸಿಕೊಂಡು ಅದನ್ನು ಹಾಗೇ ನುಂಗಿ, ಹಲ್ಲು ಕಿರಿದ. ಕಣ್ಣಲ್ಲಿ ಮಾತ್ರ ನೀರು ಧಾರಾಕಾರ.

"ಯಾಕೆ ಅಳ್ತಿದೀರಿ?" ಎಂದರು ಕಾರ್ಯದರ್ಶಿಗಳು. ದನಿಯಲ್ಲಿ ಏನೋ ಆಸೆಯಿತ್ತು.

"ಖುಷಿ ಸಾರ್."

"ಖುಷಿಗೆ ಒಂಟಿಕಾಲಲ್ಲಿ ನಿಲ್ತೀರಾ?"

"ನಮ್ಮ ಕಡೆ ಹಾಗೇ ಸಾರ್."

ಮೂರನೆಯ ಬೆರಳು ಮಡಚಿಕೊಂಡಿತು. ಕಾರ್ಯದರ್ಶಿಗಳ ಮುಖ ಸಪ್ಪಗಿತ್ತು. ಬಿಸಿಲಿಗೆ ದಣಿದಿರಬೇಕೆಂದು ಆಯ್ತಣ್ಣ ಕುಂಟುತ್ತಲೇ ಅವರಿಗೆ ಗಾಳಿ ಬೀಸಿದ.

ವಾಪಸು ಬರುವ ದಾರಿಯ ಮೋಟುಗೋಡೆಯ ಮೇಲೆ ಕೋತಿಯೊಂದು ಪಂಚಾಯಿತಿ ಹಿರಿಯನಂತೆ ಕೂತಿತ್ತು. ಕಾರ್ಯದರ್ಶಿಗಳು ತಮ್ಮ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು "ಮೊದಲು ನೀವು" ಎಂದರು. ಆಯ್ತಣ್ಣ ತನ್ನ ಕನ್ನಡಕ ಹಾಕಿಕೊಂಡೇ ಗೋಡೆಯ ಬಳಿ ಹೋದ. ಕೋತಿ ಕೈ ಚಾಚಿ, ಮೂಗಿಗೆ ಒಂದಿಷ್ಟೂ ನೋವಾಗದ ಹಾಗೆ ಕನ್ನಡಕ ತೆಗೆದುಕೊಂಡು ಮರ ಹತ್ತಿತು.

"ಕಿತ್ಕೊಳ್ತಲ್ಲ," ಎಂದು ಕಾರ್ಯದರ್ಶಿಗಳು ಚಪ್ಪಾಳೆ ತಟ್ಟುವುದರಲ್ಲಿದ್ದರು.

"ಇಲ್ಲ ಸಾರ್, ನಾನೇ ಕೊಟ್ಟೆ. ನಮ್ಮನೆ ಕೋತೀನೇ ಅದು. ಒರೆಸಿ ತಂದ್ಕೊಡತ್ತೆ."

ನಾಲ್ಕನೆಯ ಬೆರಳು ಬಹಳ ನಿಧಾನವಾಗಿ ಮಡಚಿಕೊಂಡಿತು.

ಉಳಿದದ್ದು ಸ್ಕೂಟರು. ಬಾಡಿಗೆಗೆ ಸ್ಕೂಟರು ಕೊಡುವವನು ಇದ್ದುದರಲ್ಲಿ ಹೊಳೆಯುವ ಗಾಡಿಯನ್ನು ತಂದು ನಿಲ್ಲಿಸಿ, ಬ್ರೇಕಿನ ಗುಣಗಾನ ಮಾಡಿದ. ಕನ್ನಡಕವಿಲ್ಲದ ಆಯ್ತಣ್ಣನಿಗೆ ರಸ್ತೆಯೂ ಸಮುದ್ರವೂ ಒಂದೇ ಬಣ್ಣದ ಪಟ್ಟಿ. ಇಳಿಜಾರಿನಲ್ಲಿ ಗಾಡಿ ತಾನಾಗಿ ಓಡಿತು. ಬ್ರೇಕು ಒತ್ತಿದ, ಹಾರನ್ ಕೂಗಿತು. ಹಾರನ್ ಒತ್ತಿದ, ಏನೂ ಆಗಲಿಲ್ಲ. ತಿರುವಿನಾಚೆ ಕಣ್ಮರೆಯಾದ ಗಾಡಿ ನೆಟ್ಟಗೆ ಹೆಂಡತಿಯ ತಮ್ಮನ ಅಂಗಳಕ್ಕೆ ನುಗ್ಗಿ, ಮೀನು ಒಣಹಾಕಿದ್ದ ಚಪ್ಪರವನ್ನೆಲ್ಲ ಕೆಡವಿ, ಒಣಮೀನಿನ ರಾಶಿಯಲ್ಲಿ ಮೂಗು ಹುದುಗಿಸಿ ನಿಂತಿತು.

ಇತ್ತ ಸ್ಕೂಟರಿನವನು ಕಾರ್ಯದರ್ಶಿಗಳ ಮುಂದೆ ಕೈ ಕಟ್ಟಿ ನಿಂತು, ಆಯ್ತಣ್ಣ ಭಾವಮೈದುನನ ಹತ್ತಿರ ಮಾತಾಡಲು ಗಾಡಿ ನಿಲ್ಲಿಸಿ ಅಲ್ಲೇ ಇಳಿದ ಎಂದು ಹೇಳಿಬಿಟ್ಟ. ಅದೇನೂ ಪೂರ್ತಿ ಸುಳ್ಳಲ್ಲ. ಮೈದುನ ಆಗ ತನ್ನ ಭಾವನಿಗೆ ತಾರಸ್ವರದಲ್ಲಿ ಬೇಕಾದಷ್ಟು ಮಾತಾಡುತ್ತಿದ್ದ.

ಸಂಜೆ ದೋಣಿಕಟ್ಟೆಯಲ್ಲಿ ಎಲ್ಲರೂ ನೆರೆದರು. ಆಯ್ತಣ್ಣ ಒಂಟಿಕಾಲಲ್ಲಿ, ಅರ್ಧ ಕೆಂಪಾಗಿ, ಮೀನಿನ ಹುರುಪೆಯಿಂದ ಮಿಣಮಿಣ ಮಿಂಚುತ್ತ ನಿಂತಿದ್ದ. ಹೊಟ್ಟೆಯೊಳಗಿನ ಮೇಜು ಈಗ ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು. ಆದರೂ ಅವನಿಗೆ ಗೆದ್ದ ಖುಷಿ. ಕಾರ್ಯದರ್ಶಿಗಳ ಐದೂ ಬೆರಳು ಮಡಚಿ ಮುಷ್ಟಿಯಾಗಿತ್ತಲ್ಲ.

ಅವರು ಆ ಮುಷ್ಟಿಯನ್ನೇ ನೋಡುತ್ತ ಹೇಳಿದರು. "ಬೇಜಾರು ಮಾಡ್ಕೋಬೇಡಿ. ನಾವು ಬರಲ್ಲ."

ಆಯ್ತಣ್ಣನ ಇನ್ನೊಂದು ಕಾಲೂ ನೆಲ ಮುಟ್ಟಿತು.

"ನಮ್ಮೋರೆಲ್ಲ ಆಯಸ್ಸು ಪೂರ್ತಿ ಒಂದೇ ಕುರ್ಚಿ ಮೇಲೆ ಕೂತೋರು. ಒಬ್ರಿಗೂ ಏನೂ ಆಗಿಲ್ಲ. ಮೊಮ್ಮಕ್ಕಳು ಕತೆ ಹೇಳು ಅಂದ್ರೆ ಹೇಳೋಕೆ ಒಂದು ಮಾತಿಲ್ಲ, ಪಾಪ. ಪ್ರಾಣಕ್ಕೆ ಅಪಾಯ ಇರ್ಬಾರ್ದು, ಹೇಳ್ಕೊಳ್ಳೋಕೆ ಒಂದು ಪೆಟ್ಟು ಬೀಳ್ಬೇಕು, ಅಂಥ ಜಾಗ ಹುಡುಕು ಅಂತ ನನ್ನ ಕಳಿಸಿದ್ರು. ಹೋದ ಸಲ ಬೆಟ್ಟಕ್ಕೆ ಕರ್ಕೊಂಡು ಹೋದೆ. ಒಬ್ಬನೂ ಜಾರಲಿಲ್ಲ. ವರ್ಷ ಪೂರ್ತಿ ಬೈಸ್ಕೊಂಡೆ. ಇಲ್ಲಿ ಕೊನೇಪಕ್ಷ ಒಂದು ಕಾಯಾದ್ರೂ ಬೀಳತ್ತೆ ಅಂದ್ಕೊಂಡಿದ್ದೆ."

"ಬಿತ್ತು ಸಾರ್," ಎಂದಳು ಎಳನೀರಿನ ಅಕ್ಕ. "ಸ್ಟೂಲೇ ಮುರೀತು, ಬೇಕಾದ್ರೆ ತೋರಿಸ್ತೀನಿ ಬನ್ನಿ."

ತನ್ನ ಗಾಡಿಗೆ ಬ್ರೇಕು ಎಂದೂ ಇರಲೇ ಇಲ್ಲ ಎಂದು ಸ್ಕೂಟರಿನವನು ಆಣೆ ಮಾಡಿದ. ಆಯ್ತಣ್ಣ ಅಂಗಾಲು ಎತ್ತಿ ಮುಳ್ಳು ತೋರಿಸಿದ, ಕೆನ್ನೆ ತೋರಿಸಿದ, ಹೊಟ್ಟೆಯ ಸದ್ದು ಕೇಳಿ ಎಂದು ಗೋಗರೆದ. ಕಾರ್ಯದರ್ಶಿಗಳು ಕನಿಕರದಿಂದ ನಕ್ಕರು.

"ವ್ಯಾಪಾರಕ್ಕೋಸ್ಕರ ಇಷ್ಟು ಸುಳ್ಳು ಹೇಳ್ಬಾರ್ದಪ್ಪ. ಖುಷಿಗೆ ಒಂಟಿಕಾಲಲ್ಲಿ ನಿಲ್ತೀವಿ ಅಂತ ನೀವೇ ಹೇಳಿದ್ರಿ."

ದೋಣಿ ಹೊರಟಿತು. ಅವರು ದೂರದಿಂದ ಒಮ್ಮೆ ಸೀಟಿ ಊದಿದರು. ಎಲ್ಲ ಕ್ಷೇಮ ಎಂಬುದಕ್ಕಿರಬೇಕು.

ಮನೆಗೆ ಬಂದರೆ ಚಪ್ಪರ ಕಳೆದುಕೊಂಡ ಮೈದುನ ಮೀನಿನ ಮೂಟೆಗಳನ್ನೆಲ್ಲ ಮಹಡಿ ಮೆಟ್ಟಿಲ ಬುಡಕ್ಕೆ ತಂದು ಪೇರಿಸಿಯಾಗಿತ್ತು. ಮುಳ್ಳಿನ ಸುದ್ದಿ ಆಗಲೇ ಕೇಳಿದ್ದ ಹೆಂಡತಿ ಅದನ್ನು ತೆಗೆಯಲು ಸೂಜಿ ಹಿಡಿದು ಬಾಗಿಲಲ್ಲೇ ಕಾದಿದ್ದಳು. "ಬುಕ್ ಆಯ್ತೇನ್ರೀ?" ಎಂದು ಕೇಳಿದಳು, ಮೂಗಿಗೆ ಸೆರಗು ಹಿಡಿದು.

ಆಯ್ತಣ್ಣ ಉತ್ತರ ಹೇಳುವ ಮೊದಲೇ ಮೈದುನ ದೊಡ್ಡದೊಂದು ಮೂಟೆ ಎತ್ತಿ ಅವನ ತಲೆಯ ಮೇಲಿಟ್ಟ. ಆಮೇಲೆ ಮರದ ಮೆಟ್ಟಿಲನ್ನು ಅನುಮಾನದಿಂದ ಅಲ್ಲಾಡಿಸಿ ನೋಡಿದ.

"ಭಾವ, ಈ ಮೆಟ್ಲು ಇಷ್ಟು ಭಾರ ತಡ್ಯತ್ತೋ ಇಲ್ವೋ ಗೊತ್ತಿಲ್ಲ. ಮೊದಲು ನೀವು ಹತ್ತಿ ನೋಡಿ."

"ಆಯ್ತು," ಅಂದ ಆಯ್ತಣ್ಣ.