ಏಳನೆಯ ಕಾಲುಚೀಲ

ಆ ಮನೆಯಲ್ಲಿ ಕೆಟ್ಟುಹೋದ ಸಾಮಾನು ಅಂತ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಯಜಮಾನರು ರಿಪೇರಿ ಮಾಡಿದ ಸಾಮಾನುಗಳೇ. ಅವರ ಕೈಗೆ ಸಿಕ್ಕ ಗೋಡೆ ಗಡಿಯಾರ ಹಿಂದೆ ಬೀಳುವ ಚಾಳಿ ಬಿಟ್ಟಿತ್ತು. ಜೊತೆಗೆ ಮುಂದೆ ಹೋಗುವುದನ್ನೂ ಬಿಟ್ಟಿತ್ತು. ಅವರು ಬಿಚ್ಚಿ ಜೋಡಿಸಿದ ಇಸ್ತ್ರಿಪೆಟ್ಟಿಗೆ, ಮುಟ್ಟಿದವರನ್ನು ಒಮ್ಮೆ ಕುಣಿಸಿ ಆಮೇಲೆ ಬಟ್ಟೆಯ ಕಡೆ ಗಮನ ಕೊಡುತ್ತಿತ್ತು.

ಪೇಟೆ ಬೀದಿಯಲ್ಲಿ ಅವರದು ಕನ್ನಡಕದ ಅಂಗಡಿ. ಜನ ಅವರನ್ನು ‘ಕನ್ನಡಕದ ಡಾಕ್ಟ್ರು’ ಅನ್ನುತ್ತಿದ್ದರು. ಅವರು ಡಾಕ್ಟರಲ್ಲ. ಆದರೆ ಪ್ರೀತಿಯಿಂದ ಕರೆಯುವವರನ್ನು ತಿದ್ದುವಷ್ಟು ಒರಟರೂ ಅಲ್ಲ. ಸಾಸಿವೆ ಕಾಳಿಗಿಂತ ಸಣ್ಣ ತಿರುಪನ್ನು ಉಸಿರು ಬಿಗಿಹಿಡಿದು ಕೂರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂಬುದೂ ನಿಜವೇ. ಕಷ್ಟ ಏನೆಂದರೆ, ಅಂಗಡಿಯಲ್ಲಿ ಹುಟ್ಟಿದ ಆ ಹೆಮ್ಮೆ ಅಂಗಡಿ ಬಾಗಿಲು ಹಾಕಿದ ಮೇಲೂ ಅವರ ಬೆನ್ನ ಹಿಂದೆಯೇ ಮನೆಗೆ ಬರುತ್ತಿತ್ತು.

ಅವರ ಹೆಂಡತಿ ಶಿಶುವಿಹಾರದ ಟೀಚರ್. ಒಂದು ಶನಿವಾರ ಸಂಜೆ ಆಕೆ ಚೀಲದಲ್ಲಿ ಮೂರು ಚಿತ್ರಪುಸ್ತಕಗಳನ್ನು ತಂದು ಹಾಲಿನ ನೆಲದ ಮೇಲೆ ಸುರಿದಳು. ಪುಸ್ತಕಗಳು ಅಂದರೆ, ಒಂದು ಕಾಲದಲ್ಲಿ ಪುಸ್ತಕಗಳಾಗಿದ್ದವು. ಬೆನ್ನು ಬಿಟ್ಟಿತ್ತು, ಹೊಲಿಗೆ ಸಡಿಲಾಗಿತ್ತು, ಮೂಲೆಗಳನ್ನು ಯಾರೋ ಅಗಿದಿದ್ದರು. ಒಂದು, ದಾರಿ ತಪ್ಪಿದ ಆನೆಮರಿಯ ಕಥೆ. ಇನ್ನೊಂದು, ಕೋಳಿಯಮ್ಮನ ಸಂಸಾರ. ಮತ್ತೊಂದು, ಒಂದರಿಂದ ಹತ್ತರವರೆಗೆ ಎಣಿಕೆ ಕಲಿಸುವ ಪುಸ್ತಕ.

“ಎಸೆಯೋಕೆ ಮನಸ್ಸೇ ಬರ್ತಿಲ್ಲ ರೀ. ಮಕ್ಕಳಿಗೆ ಇವೇ ಬೇಕು. ಈಗ ಅಂಗಡೀಲೂ ಸಿಗಲ್ಲವಂತೆ. ಸೋಮವಾರ ಅಪ್ಪ ಅಮ್ಮಂದಿರೆಲ್ಲ ಬರ್ತಾರೆ, ಅವರೆದುರು ಓದಿ ತೋರಿಸ್ಬೇಕು. ಏನು ಓದ್ಲಿ?”

ಡಾಕ್ಟ್ರು ಒಂದು ಪುಸ್ತಕವನ್ನು ಎತ್ತಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

“ನಾಳೆ ಸಾಯಂಕಾಲದೊಳಗೆ ಇವಕ್ಕೆಲ್ಲ ಪುನರ್ಜನ್ಮ. ಚಿಂತೆ ಬಿಡು.”

“ಮಾಡೋ ಮುಂಚೆ ಒಂದ್ಸಲ ಓದಿ ನೋಡಿ.”

“ಕನ್ನಡಕ ರಿಪೇರಿ ಮಾಡೋಕೆ ಅದನ್ನ ಹಾಕ್ಕೊಂಡು ಪೇಪರ್ ಓದ್ತೀನಾ? ಎಳೆ ಮಕ್ಕಳ ಪುಸ್ತಕ ಕಣೇ ಇದು. ಹಾಳೆ ಅಂದ್ರೆ ಹಾಳೆ, ಅಷ್ಟೆ.”

ಒಳಗಿನಿಂದ ಅವರ ಅಮ್ಮನ ದನಿ ಬಂತು. “ಹಾಳೆ ಹಾಳಾಗದಿದ್ರೆ ಸಾಕಪ್ಪ.”

ಭಾನುವಾರ ಹೆಂಡತಿ ತರಗತಿ ಸಿಂಗರಿಸಲು ಶಾಲೆಗೆ ಹೋದಳು. ಡಾಕ್ಟ್ರು ಹಾಲಿನ ನೆಲದ ಮೇಲೆ ಆಪರೇಷನ್ ಥಿಯೇಟರ್ ತೆರೆದರು. ಮೂರೂ ಪುಸ್ತಕಗಳನ್ನು ಒಟ್ಟಿಗೇ ಬಿಚ್ಚಿದರು. ಒಂದೊಂದಾಗಿ ಬಿಚ್ಚುವುದು ಕೈಲಾಗದವರ ಲಕ್ಷಣ ಎಂಬುದು ಅವರ ಸಿದ್ಧಾಂತ. ಹಾಳೆಗಳನ್ನು ಮೂರು ಸಾಲಾಗಿ ಹರಡಿ, ಅಂಚಿಗೆ ತೆಳ್ಳಗೆ ಗೋಂದು ಸವರಿ, ಸೊಂಟ ಹಿಡಿದುಕೊಂಡು ಎದ್ದುನಿಂತು ಆ ದೃಶ್ಯವನ್ನು ಕಣ್ತುಂಬಿಕೊಂಡರು.

ಅದೇ ಹೊತ್ತಿಗೆ ಅಮ್ಮ ಮಹಡಿಯ ಮೇಲಿಂದ ಒಣಗಿದ ಬಟ್ಟೆಯ ರಾಶಿ ಹೊತ್ತು ಇಳಿದು ಬಂದರು. ರಾಶಿಯ ಹಿಂದೆ ಅವರಿಗೆ ನೆಲ ಕಾಣುವಂತಿರಲಿಲ್ಲ. “ಅಬ್ಬಾ, ಏನು ಸೆಕೆ” ಎಂದು ಮೊಣಕೈಯಿಂದಲೇ ಫ್ಯಾನಿನ ಸ್ವಿಚ್ ಒತ್ತಿದರು.

ಆ ಮನೆಯಲ್ಲಿ ಡಾಕ್ಟ್ರ ಕೈ ಸೋಕದೆ ಉಳಿದಿದ್ದದ್ದು ಆ ಫ್ಯಾನ್ ಒಂದೇ. ಹಾಗಾಗಿ ಅದು ಬಹಳ ಚೆನ್ನಾಗಿ ತಿರುಗುತ್ತಿತ್ತು.

ಆನೆಮರಿ ಸೋಫಾದ ಕೆಳಗೆ ಹೋಯಿತು. ಕೋಳಿಯಮ್ಮ ಕಿಟಕಿಯ ಪರದೆಗೆ ಅಂಟಿಕೊಂಡಳು. ಎಣಿಕೆ ಪುಸ್ತಕದ ‘ಮೂರು’ ಅಮ್ಮನ ಬೆನ್ನಿಗೆ, ‘ಐದು’ ಡಾಕ್ಟ್ರ ಹಣೆಗೆ. ಸ್ವಿಚ್ ಆರಿಸುವಷ್ಟರಲ್ಲಿ ಮೂರು ಸಂಸಾರಗಳೂ ಒಂದಾಗಿದ್ದವು.

“ನಂಬರ್ ನೋಡಿ ಜೋಡಿಸೋ” ಅಂದರು ಅಮ್ಮ.

ಹಾಳೆಗಳಿಗೆ ನಂಬರ್ ಇರಲಿಲ್ಲ. ಎಳೆಯ ಮಕ್ಕಳ ಪುಸ್ತಕಕ್ಕೆ ಪುಟಸಂಖ್ಯೆ ಇರುವುದಿಲ್ಲವೆಂದು ಡಾಕ್ಟ್ರಿಗೆ ಜೀವನದಲ್ಲಿ ಮೊದಲ ಸಲ ತಿಳಿಯಿತು. ಮೂರಕ್ಕೂ ಅಳತೆ ಒಂದೇ, ಕಾಗದ ಒಂದೇ. ಗೋಂದು ಬೇರೆ ಒಣಗುತ್ತಿತ್ತು. ಅವರು ಆಕಾಶದ ಬಣ್ಣ ನೋಡಿ ಹೊಂದಿಸಿದರು. ಸಂಜೆಗೆ ಸಂಜೆ, ಹಸಿರಿಗೆ ಹಸಿರು. ಎಲ್ಲಿಯೂ ಸೇರದವನ್ನು ಜಾಗ ಇದ್ದಲ್ಲಿ ಸೇರಿಸಿದರು. ಮುಖಕ್ಕೆ ಮುಖ ಅಂಟಿಹೋದ ಎರಡು ಹಾಳೆಗಳನ್ನು ಬಿಡಿಸಲು ಹೋಗಿ, ಆನೆಮರಿಯ ಕಿವಿ ಹರಿಯುತ್ತದೆಂದು ಕಂಡು ಹಾಗೇ ಬಿಟ್ಟರು. ಪುಸ್ತಕಗಳ ಮೇಲೆ ಭಾರಕ್ಕೆಂದು ಹೊಲಿಗೆ ಯಂತ್ರ ಹೇರಿದರು.

ಹೆಂಡತಿ ಬಂದು ಕೈ ಚಾಚಿದಾಗ ತಡೆದರು. “ಈಗಲೇ ತೆಗೀಬೇಡ. ಆಪರೇಷನ್ ಆದ ಪೇಷಂಟು, ಬೆನ್ನು ಕೂರ್ಬೇಕು.”

“ಎಲ್ಲ ಸರಿಯಾಯ್ತಾ?”

ಆಗಲಾದರೂ ಹೇಳಬಹುದಿತ್ತು. ಅಮ್ಮ ಕೆಮ್ಮಿದರು ಕೂಡ. ಆದರೆ ಹೆಂಡತಿಯ ಮುಖದಲ್ಲಿ ಇಷ್ಟು ನಂಬಿಕೆ ಕಂಡು ಎಷ್ಟೋ ವರ್ಷವಾಗಿತ್ತು. ಅದನ್ನು ಕೆಡಿಸಲು ಅವರಿಗೆ ಮನಸ್ಸು ಬರಲಿಲ್ಲ. “ನಾಳೆ ನಾನೇ ಶಾಲೆಗೆ ತಗೊಂಡು ಬರ್ತೀನಿ” ಅಂದುಬಿಟ್ಟರು.

ಸೋಮವಾರ ಆ ಪುಟ್ಟ ತರಗತಿಯ ತುಂಬ ಜನ. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಬೆಂಚುಗಳ ಮೇಲೆ ದೊಡ್ಡವರು. ಹೆಂಡತಿ ಆನೆಮರಿಯ ಪುಸ್ತಕ ಎತ್ತಿ ತೋರಿಸಿ, “ಇದನ್ನ ಸರಿ ಮಾಡಿದವರು ನಮ್ಮನೆಯವರು” ಅಂದಳು. ಚಪ್ಪಾಳೆ ಬಿತ್ತು. ಡಾಕ್ಟ್ರು ಅರ್ಧ ಎದ್ದು ಕೈಮುಗಿದು ಕೂತರು.

“ಸಂಜೆಯಾಯಿತು. ಆನೆಮರಿಗೆ ದಾರಿ ತಪ್ಪಿತು. ಅದು ಅಮ್ಮಾ, ಅಮ್ಮಾ ಎಂದು ಕೂಗಿತು” ಎಂದು ಹೆಂಡತಿ ಓದಿದಳು. ಪುಟ ತಿರುಗಿಸಿದಳು. ಅಲ್ಲಿ ಕೋಳಿಯಮ್ಮ ಬಾಗಿಲು ತೆರೆದು ನಿಂತಿದ್ದಳು. “ಎಲ್ಲಿ ಹೋಗಿದ್ದೆ ಕಂದಾ? ಬಾ, ರೆಕ್ಕೆಯ ಕೆಳಗೆ ಬಾ.”

ಹೆಂಡತಿ ನಿಲ್ಲಿಸಿದಳು. ಪುಸ್ತಕದ ಮೇಲಂಚಿನಿಂದ ಗಂಡನನ್ನು ನೋಡಿದಳು. ಆ ನೋಟವನ್ನು ತಡೆಯುವ ಗಾಜನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.

“ಸರಿ ಮಾಡಿದವರೇ ಮುಂದಕ್ಕೆ ಓದಲಿ, ಅಲ್ವಾ ಮಕ್ಕಳೇ?” ಅಂದಳು, ಬಹಳ ಮೃದುವಾಗಿ.

ಡಾಕ್ಟ್ರು ಮುಂದೆ ಹೋಗಿ, ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಕಿವಿಗೆ ತಗಲುವಂತೆ ಕೂತರು. ಗಂಟಲು ಸರಿಮಾಡಿಕೊಂಡು, “ಮಕ್ಕಳೇ, ಇಲ್ಲೊಂದು ತಪ್ಪಾಗಿದೆ. ಈ ಕೋಳಿ ಆನೆಮರಿಯ ಅಮ್ಮ ಅಲ್ಲ” ಅಂದರು.

“ಗೊತ್ತು” ಅಂದ ಮುಂಭಾಗದ ಹಲ್ಲಿಲ್ಲದ ಒಬ್ಬ. “ಆದ್ರೂ ಬಾ ಅಂತ ಕರೀತಿದೆ. ಒಳ್ಳೆ ಕೋಳಿ.”

“ರೆಕ್ಕೆ ಕೆಳಗೆ ಆನೆ ಹಿಡಿಸುತ್ತೇನಪ್ಪ?” ಡಾಕ್ಟ್ರು ತರ್ಕಕ್ಕೆ ಇಳಿದರು. ಅಳತೆಯ ವಿಷಯದಲ್ಲಿ ಅವರು ಸುಮ್ಮನಿರುವವರಲ್ಲ.

ಮಕ್ಕಳು ಯೋಚಿಸಿದರು. ಎರಡು ಜಡೆಯ ಹುಡುಗಿ ಎದ್ದು ನಿಂತಳು. “ಸೊಂಡಿಲ ತುದಿ ಮಾತ್ರ ಇಟ್ಕೊಂಡ್ರೆ ಸಾಕು ಅಂಕಲ್. ನಂಗೆ ಚಳಿ ಆದಾಗ ಅಮ್ಮ ಬರೀ ಕೈ ಹಿಡ್ಕೋತಾಳೆ, ಪೂರ್ತಿ ಬೆಚ್ಚಗಾಗುತ್ತೆ.”

ಡಾಕ್ಟ್ರು ಪುಟ ತಿರುಗಿಸಿದರು. ಅಂಟಿಹೋದ ಹಾಳೆಗಳು. ಉಗುರಿನಿಂದ ಕೆರೆದರು.

“ತೆಗೀಬೇಡಿ ಅಂಕಲ್” ಎಂದು ಮೂರು ನಾಲ್ಕು ಮಕ್ಕಳು ಒಟ್ಟಿಗೆ ಕೂಗಿದರು. “ಬಾಗಿಲು ಹಾಕ್ಕೊಂಡು ಮಲಗಿದಾರೆ.”

ಅವರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಯಾರದೋ ಮಲಗುವ ಕೋಣೆಯ ಬಾಗಿಲಿಗೆ ಕೈಯಿಟ್ಟು ಸಿಕ್ಕಿಬಿದ್ದಂತಾಯಿತು. ಮೆಲ್ಲಗೆ, ಸದ್ದಾಗದಂತೆ ಮುಂದಿನ ಹಾಳೆಗೆ ಹೋದರು. ಎಣಿಕೆ ಪುಸ್ತಕದ ಹಾಳೆ. ಒಂದು ಹಗ್ಗ, ಅದರ ಮೇಲೆ ಒಣಗಲು ಹಾಕಿದ ಬಣ್ಣದ ಕಾಲುಚೀಲಗಳು, ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದೇ ಪದ.

“ಏಳು” ಎಂದು ಓದಿದರು ಡಾಕ್ಟ್ರು. ಇದಕ್ಕೂ ಕಥೆಗೂ ಯಾವ ಸಂಬಂಧವನ್ನೂ ಯಾರಪ್ಪನೂ ಹಚ್ಚಲಾರ ಎಂದು ಕೈಚೆಲ್ಲಿ ಕೂತರು.

“ಬೆಳಗಾಯ್ತು” ಅಂದ ಹಲ್ಲಿಲ್ಲದವನು, ಇದೂ ಗೊತ್ತಾಗಲಿಲ್ಲವೇ ಎಂಬಂತೆ. “ಕೋಳಿ ಎಬ್ಬಿಸ್ತಿದೆ. ಏಳು, ಏಳು, ಸ್ಕೂಲಿಗೆ ಹೊತ್ತಾಯ್ತು ಅಂತ.”

“ಅದಕ್ಕೇ ಸಾಕ್ಸ್” ಅಂದಳು ಜಡೆಯವಳು. ಚಾಪೆ ಬಿಟ್ಟು ಬಂದು, ಪುಸ್ತಕದ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ಉಳಿದವರೂ ಬಂದು ಮುತ್ತಿದರು. ಆನೆಮರಿಗೆ ನಾಲ್ಕು. ಕೋಳಿಯಮ್ಮನಿಗೆ ಎರಡು. ಹಗ್ಗದ ಮೇಲೆ ಇನ್ನೊಂದು ಉಳಿಯಿತು, ಕೆಂಪು ಬಣ್ಣದ್ದು. ಎಲ್ಲರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಡಾಕ್ಟ್ರೂ ನೋಡಿದರು. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

“ಸೊಂಡಿಲಿಗೆ” ಎಂದಿತು ಒಂದು ಸಣ್ಣ ದನಿ.

ಎಲ್ಲರೂ ತಿರುಗಿದರು. ಮೂಲೆಯಲ್ಲಿ ಕೂತಿದ್ದ ಗುಂಗುರು ಕೂದಲಿನ ಹುಡುಗಿ. ಸೇರಿದಾಗಿನಿಂದ ತರಗತಿಯಲ್ಲಿ ಆ ಮಗು ತುಟಿ ಬಿಚ್ಚಿಲ್ಲವೆಂದು ಹೆಂಡತಿ ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದಳು. ತಾಯಿಯಿಲ್ಲದ ಮಗು, ತಂದೆ ಈಚೆಗೆ ಮತ್ತೆ ಮದುವೆಯಾಗಿದ್ದ. ಹೊಸದಾಗಿ ಮನೆಗೆ ಬಂದವಳು ಹಿಂದಿನ ಬೆಂಚಿನ ತುದಿಯಲ್ಲಿ, ಮಗುವಿನ ನೀರಿನ ಬಾಟಲಿ ಹಿಡಿದುಕೊಂಡು ಕೂತಿದ್ದಳು.

ಹುಡುಗಿ ಎದ್ದು ಬಂದು ಡಾಕ್ಟ್ರ ಮೊಣಕಾಲಿನ ಹತ್ತಿರ ನಿಂತಳು. “ಆನೆಮರಿ ಕೋಳೀನ ಏನಂತ ಕರಿಯುತ್ತೆ?”

ಡಾಕ್ಟ್ರು ಹಾಳೆಯ ಮೇಲೆ ಹುಡುಕಿದರು. ಹಿಂದೆ ನೋಡಿದರು, ಮುಂದೆ ನೋಡಿದರು. ಹೆಂಡತಿಯ ಮುಖ ನೋಡಿದರು. ಆಕೆ ಉಸಿರು ಬಿಗಿಹಿಡಿದು ನಿಂತಿದ್ದಳು.

“ಇದರಲ್ಲಿ ಬರ್ದಿಲ್ಲ ಕಂದಾ. ನೀನೇ ಹೇಳು.”

ಹುಡುಗಿ ಕೆಂಪು ಕಾಲುಚೀಲವನ್ನು ಬೆರಳಿನಿಂದ ಸವರುತ್ತ ಯೋಚಿಸಿದಳು. “ಚಿಕ್ಕಮ್ಮ ಅಂತ” ಅಂದಳು. ಮತ್ತೆ ಸ್ವಲ್ಪ ತಡೆದು, “ಅಭ್ಯಾಸ ಆದ್ಮೇಲೆ ಅಮ್ಮ ಅಂದ್ರೂ ಕೋಳಿ ಏನೂ ಬೈಯಲ್ಲ” ಅಂದಳು.

ಬೆಂಚಿನ ತುದಿಯವಳು ಬಾಟಲಿಯ ಮುಚ್ಚಳ ಬಿಗಿಮಾಡಲು ತಲೆ ತಗ್ಗಿಸಿದಳು. ಮುಚ್ಚಳ ಆಗಲೇ ಬಿಗಿಯಾಗಿತ್ತು. ಆದರೂ ಅದನ್ನು ತಿರುಗಿಸುತ್ತಲೇ ಇದ್ದಳು, ತಲೆ ಎತ್ತಲೇ ಇಲ್ಲ.

ಊರಿನವರ ಕಣ್ಣಿಗೆಲ್ಲ ಸ್ಪಷ್ಟವಾಗಿ ಕಾಣುವಂತೆ ಮಾಡುವ ಕನ್ನಡಕದ ಡಾಕ್ಟ್ರಿಗೆ ಆಗ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅಂಗಿಯಿಂದ ಒರೆಸಬಾರದೆಂದು ಗಿರಾಕಿಗಳಿಗೆ ದಿನವೂ ಬುದ್ಧಿ ಹೇಳುವವರು ಅವರೇ.

ಮನೆಗೆ ನಡೆಯುವಾಗ ಹೆಂಡತಿ ಬೈಯುತ್ತಾಳೆಂದು ಕಾದರು. ಆಕೆ ಬೈಯಲಿಲ್ಲ. “ಆ ಮಗು ಮಾತಾಡ್ತು ರೀ” ಅಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದನ್ನೇ ಅಂದಳು. ಡಾಕ್ಟ್ರು ತಾವು ಮಾಡಿದ ಘನಕಾರ್ಯವನ್ನು, ಸೋಫಾದ ಕೆಳಗಿನ ಆನೆಯಿಂದ ಹಿಡಿದು, ಒಂದೂ ಬಿಡದೆ ಒಪ್ಪಿಸಿದರು. ಹೆಂಡತಿ ರಸ್ತೆಯಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಶಾಲೆಯ ಹೆಡ್‌ಮಿಸ್ಸಿಗೆ ಎಲ್ಲಿಯೋ ಒಬ್ಬ ನೆಂಟರ ಮನೆಯಲ್ಲಿ ಆನೆಮರಿಯ ಪುಸ್ತಕದ ಹರಿಯದ ಪ್ರತಿ ಸಿಕ್ಕಿತು. ಹೆಂಡತಿ ಅದನ್ನು ಮಕ್ಕಳಿಗೆ ಮೊದಲಿಂದ ಕೊನೆಯವರೆಗೆ ಓದಿದಳು. ಅದರಲ್ಲಿ ಆನೆಮರಿಗೆ ದಾರಿ ತಪ್ಪುತ್ತದೆ, ಅಮ್ಮ ಆನೆ ಬಂದು ಕರೆದುಕೊಂಡು ಹೋಗುತ್ತದೆ. ಮಕ್ಕಳು ಮರ್ಯಾದೆಯಿಂದ ಕೇಳಿದರಂತೆ. ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಸಂಜೆ ಆಕೆ ಆ ಪುಸ್ತಕವನ್ನು ತಂದು ಡಾಕ್ಟ್ರ ಮುಂದಿಟ್ಟಳು. “ಇದು ಕೆಟ್ಟುಹೋಗಿದೆಯಂತೆ. ಅಂಕಲ್ಲಿಗೆ ಕೊಟ್ಟು ಸರಿ ಮಾಡಿಸ್ಕೊಂಡು ಬನ್ನಿ ಅಂದಿದಾರೆ.”

ಡಾಕ್ಟ್ರು ಗೋಂದಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಮೊದಲ ಹಾಳೆಯಿಂದ ಓದತೊಡಗಿದರು. ಕೊನೆಯವರೆಗೂ ಓದಿದರು. ಕಥೆ ಅಚ್ಚುಕಟ್ಟಾಗಿತ್ತು. ಆದರೆ ಆ ಮರಿಗೆ ಒಂದು ಜೊತೆ ಕಾಲುಚೀಲ ಕೊಡುವವರೂ ಅದರಲ್ಲಿ ಇರಲಿಲ್ಲ. ಇನ್ನೊಮ್ಮೆ ಓದಿದರು. ಹಾಳೆಗಳನ್ನು ಕಣ್ಣಲ್ಲೇ ಹಿಂದೆ ಮುಂದೆ ಮಾಡಿ ನೋಡಿದರು. ಡಬ್ಬಿಯ ಮುಚ್ಚಳ ಹಾಕಿ ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟರು.

“ಇದು ನನ್ನ ಕೈಲಿ ಆಗಲ್ಲ” ಅಂದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ತಟ್ಟನೆ ನಿಂತಿತು.

“ಏನಮ್ಮಾ,” ಎಂದು ಅಮ್ಮ ಅಲ್ಲಿಂದಲೇ ಕೇಳಿದರು, “ಹಾಲಿನಲ್ಲಿ ಯಾರೋ ‘ಆಗಲ್ಲ’ ಅಂತಿದಾರಲ್ಲ, ನೆಂಟರು ಬಂದಿದಾರಾ?”