ಆರೋಗ್ಯ ಅಳೆಯಲು ಹೋದ ದಿನಗಳು

ಅಳೆಯುವವರು ಬರುತ್ತಾರೆಂದು ಗೊತ್ತಾದ ಕೂಡಲೇ ಯಾವ ಊರೂ ಇದ್ದ ಹಾಗೆ ಇರುವುದಿಲ್ಲ. ನೆಂಟರು ಬರುವ ದಿನ ನಾವು ಹಳೇ ಸಾಮಾನನ್ನೆಲ್ಲ ಮಂಚದ ಕೆಳಗೆ ತಳ್ಳುತ್ತೇವಲ್ಲ, ಹಾಗೆ. ಹಾಗಾಗಿ ನಮ್ಮಂಥವರಿಗೆ ನಗುವ ಪ್ರಸಂಗಗಳಿಗೆ ಬರವೇ ಇರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರನ್ನು ಬ್ಯಾಂಕಿನವರು ದಾವಣಗೆರೆಯಿಂದ ವಿಜಯವಾಡಕ್ಕೆ, ಅಲ್ಲಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ನನ್ನ ಸಂಖ್ಯಾಶಾಸ್ತ್ರದ ಡಿಗ್ರಿ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿತ್ತು. ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕ್ರಮ ನಡೆಸುತ್ತಿದ್ದ ಒಂದು ಸಂಸ್ಥೆಯಲ್ಲಿ ಸರ್ವೆ ಕೆಲಸ ಸಿಕ್ಕಿತು. ಕಾರ್ಯಕ್ರಮದಿಂದ ಜನರಿಗೆ ಉಪಯೋಗವಾಯಿತೋ ಇಲ್ಲವೋ ಎಂದು ಮನೆಮನೆಗೆ ಹೋಗಿ ಕೇಳಿ, ಅಳೆದು, ಫಾರಂ ತುಂಬಬೇಕು. ಉಪಯೋಗ ಕಂಡರೆ ಕಾರ್ಯಕ್ರಮ ಮುಂದುವರಿಯುತ್ತಿತ್ತು. ಕಾಣದಿದ್ದರೆ ಬಾಗಿಲು ಮುಚ್ಚಿ, ಆ ಊರಿನ ನರ್ಸಮ್ಮನನ್ನೂ ಮನೆಗೆ ಕಳಿಸುತ್ತಿದ್ದರು. ನಮಗೆ ಬರೀ ಫಾರಮ್ಮು, ಅವರಿಗೆ ಅನ್ನ.

ಮಾತೆಲ್ಲ ನಡೆದದ್ದು ತೆಲುಗಿನಲ್ಲಿ. ನೆನಪಾಗುವುದು ಮಾತ್ರ ಯಾಕೋ ಕನ್ನಡದಲ್ಲೇ.

ಬೀಗ ಹಾಕಿದ ಕೋಣೆ

ವಿಜಯವಾಡದಲ್ಲಿದ್ದಾಗ ಕೊಂಡಪಲ್ಲಿಯ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆವು. ಸಂಸ್ಥೆಯವರು ಅಲ್ಲಿ ಮನೆಗೊಂದು ಪಾಯಿಖಾನೆ ಕಟ್ಟಿಸಿಕೊಟ್ಟಿದ್ದರು. ಅದನ್ನು ಬಳಸುತ್ತಿದ್ದಾರೋ ಇಲ್ಲವೋ ನೋಡುವುದು ನಮ್ಮ ಕೆಲಸ. ಮರದ ಬೊಂಬೆ ಮಾಡುವ ಒಬ್ಬ ತಾತನನ್ನು ಕೇಳಿದೆ.

"ದಿನಾ ಬಳಸ್ತೀವಿ ತಾಯಿ."

"ಒಂದು ಸಲ ಬಾಗಿಲು ತೆಗೀತೀರಾ?"

ತಾತ ಹೊರಗೆ ಚಪ್ಪಲಿ ಬಿಟ್ಟರು. ಕಾಲು ತೊಳೆದರು. ಆಮೇಲೆ ಬೀಗ ತೆಗೆದರು. ಪಾಯಿಖಾನೆಗೆ ಇಷ್ಟು ಮಡಿಯಿಂದ ಹೋಗುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಳಗೆ ಹಲಗೆಯ ಮೇಲೆ ಸಾಲಾಗಿ ದಶಾವತಾರದ ಬೊಂಬೆಗಳು, ಬಣ್ಣ ಇನ್ನೂ ಹಸಿ.

"ನಮ್ಮ ಮನೇಲಿ ಸೋರದೆ ಇರೋ ಕೋಣೆ ಅಂದ್ರೆ ಇದೊಂದೇ ತಾಯಿ," ಎಂದರು.

"ಇವನ್ನ ಮಾರಿದ ಮೇಲಾದರೂ ನೀವು ಬಳಸಬಹುದಲ್ಲ?"

"ದೇವರು ನಿಂತ ಜಾಗದಲ್ಲಿ ಕೂರೋದು ಹೇಗೆ ತಾಯಿ?"

ನಾನು ಫಾರಮ್ಮಿನಲ್ಲಿ 'ಬಳಸುವವರ ಸಂಖ್ಯೆ' ಎಂಬ ಜಾಗವನ್ನು ಖಾಲಿ ಬಿಟ್ಟೆ. ನಮ್ಮ ಸೂಪರ್‌ವೈಸರ್‌ಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಕೋಣೆಯೊಳಗೆ ಇಣುಕಿ ನೋಡಿ ಬಂದು ಗಂಭೀರವಾಗಿ ಹೇಳಿದರು: "ಹತ್ತು ಅಂತ ಬರೀರಿ ಮೇಡಂ. ಮೀನಿನಿಂದ ಹಿಡಿದು ಕುದುರೆ ಹತ್ತಿದವನ ತನಕ ಎಣಿಸಿದೀನಿ."

ಅತ್ತೆಯವರ ಉತ್ತರ

ವಿಶಾಖಪಟ್ಟಣಕ್ಕೆ ಬಂದ ಮೇಲೆ ಹೊಸದಾಗಿ ಸೇರಿದ ಮೂವರು ಹುಡುಗಿಯರಿಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳ್ಳಿಗೆ ಹೋಗುವ ಮುಂಚೆ ನಮ್ಮ ಬೀದಿಯ ಮನೆಗಳಲ್ಲೇ ಅಭ್ಯಾಸವಾಗಲಿ, ಮೊದಲು ನಮ್ಮ ಮನೆ ಎಂದೆ. ಬುದ್ಧಿ ಎಲ್ಲಿಟ್ಟಿದ್ದೆನೋ. ದಾವಣಗೆರೆಯಿಂದ ನಮ್ಮತ್ತೆ ಬಂದಿದ್ದರು. ಅವರಿಗೆ ತೆಲುಗು ಬಾರದು, ಹುಡುಗಿಯರಿಗೆ ಕನ್ನಡ ಬಾರದು. ನಡುವೆ ನಾನು.

ಮೊದಲ ಪ್ರಶ್ನೆ: ಕುಡಿಯುವ ನೀರು ಕುದಿಸುತ್ತೀರಾ?

"ಎಲ್ಲಿ ಕುದಿಸ್ತಾಳವ್ವ!" ಎಂದರು ಅತ್ತೆ. "ಬೆಳಗಾದ್ರೆ ಜೀಪ್ ಹತ್ತಿ ಊರೋರಿಗೆಲ್ಲ ನೀರು ಕುದಿಸ್ರಿ ಅಂತ ಹೇಳಾಕೆ ಹೋಗ್ತಾಳೆ. ನಮಿಗೆ ನಳದ ನೀರೇ ಗತಿ."

"ಕುದಿಸ್ತಾರಂತೆ," ಎಂದು ನಾನು ತೆಲುಗಿನಲ್ಲಿ ಹೇಳಿದೆ.

"ಅಷ್ಟುದ್ದ ಹೇಳಿದ್ದಕ್ಕೆ ಇಷ್ಟೇನಾ ಮೇಡಂ?" ಎಂದಳು ಹುಡುಗಿ. ನಾನೇ ಕಲಿಸಿದ್ದೆ, ಉತ್ತರ ಪೂರ್ತಿ ಬರೆದುಕೊಳ್ಳಬೇಕು ಅಂತ.

ಅಲ್ಲಿಯವರೆಗೆ ಪೇಪರಿನ ಹಿಂದೆ ಸುಮ್ಮನಿದ್ದ ನಮ್ಮ ಯಜಮಾನರು ಆಗಲೇ ಬಾಯಿ ಬಿಡಬೇಕೆ? ಬ್ಯಾಂಕಿನ ಕೌಂಟರಿನಲ್ಲಿ ಕಲಿತ ತೆಲುಗಿನಲ್ಲಿ ಅಮ್ಮನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಉಳಿದ ಪ್ರಶ್ನೆಗಳಿಗೂ ಅವರೇ ದುಭಾಷಿ. ನನ್ನನ್ನು ಅಡುಗೆಮನೆಗೆ ಕಳಿಸಿದರು.

"ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಇದನ್ನೂ ಬರ್ಕೊಳ್ಳವ್ವ," ಎಂದು ಅತ್ತೆ ಮುಗಿಸಿದ್ದು ಅಲ್ಲಿಗೂ ಕೇಳಿಸಿತು.

ಸಂಜೆ ಹುಡುಗಿಯರು ಬೀದಿಯ ಫಾರಮ್ಮುಗಳನ್ನೆಲ್ಲ ಕೂಡಿಸಿ ನೋಡಿದರು. ತುರ್ತಾಗಿ ಆರೋಗ್ಯ ಶಿಕ್ಷಣ ಬೇಕಾದ ಮನೆ ಒಂದೇ ಒಂದು. ನಮ್ಮದು.

ದಿನಕ್ಕೊಂದು ಹೂವು

ಸಿಂಹಾಚಲಂ ದಾಟಿ ಜೀಪಿನಲ್ಲಿ ಒಂದು ಗಂಟೆ ಹೋದರೆ ಗುಡ್ಡದ ಬುಡದಲ್ಲಿ ಒಂದು ಊರು. ಅಲ್ಲಿನ ನರ್ಸಮ್ಮನನ್ನು ನಾನು ಇವತ್ತಿಗೂ ಮರೆತಿಲ್ಲ. ಐವತ್ತರ ಹತ್ತಿರದ ಹೆಂಗಸು, ಕಂಕುಳಲ್ಲಿ ಕೊಡೆ, ಊರಿಗೆಲ್ಲ ಕೇಳಿಸುವ ಗಂಟಲು. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಕೆಲಸ ಒಂದೇ. ನಮ್ಮ ಜೀಪು ಕಂಡರೆ ಮಾತ್ರ ಆ ಗಂಟಲು ಇಳಿಯುತ್ತಿತ್ತು. "ನಾನು ಪಾಸಾಗ್ತೀನಾ ಅಮ್ಮಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಆಕೆ ಮನೆಮನೆಗೂ ಒಂದೊಂದು ಸೋಪು ಕೊಟ್ಟಿದ್ದರು. ಒಂದು ಮನೆಯ ಅಜ್ಜಿಯನ್ನು ಸೋಪು ತೋರಿಸಿ ಎಂದೆ. ದೇವರ ಗೂಡಿನಿಂದ ತಂದರು. ಕಾಗದ ಹರಿದಿಲ್ಲ, ಮೇಲೆ ಅರಿಶಿನ, ಕುಂಕುಮ.

"ದಿನಾ ಬಳಸ್ತೀರಾ ಅಜ್ಜಿ?"

"ತಪ್ಪಿಸಲ್ಲಮ್ಮ. ನಮ್ಮ ನರ್ಸಮ್ಮ ಕೊಟ್ಟಿದ್ದು. ದಿನಕ್ಕೊಂದು ಹೂವು ಇಡ್ತೀನಿ."

ಪಕ್ಕದಲ್ಲಿದ್ದ ನರ್ಸಮ್ಮ ಹಣೆ ಹಣೆ ಚಚ್ಚಿಕೊಂಡರು. "ಕೈ ತೊಳೆಯೋಕೆ ಅಲ್ವಾ ಅದು ಕೊಟ್ಟಿದ್ದು!"

"ತೊಳೀತೀನಲ್ಲ," ಎಂದರು ಅಜ್ಜಿ ನೊಂದುಕೊಂಡು. "ಬೂದಿ ಹಾಕಿ ಚೆನ್ನಾಗಿ ಕೈ ತೊಳ್ಕೊಂಡೇ ಅದನ್ನ ಮುಟ್ಟೋದು."

ಗುಂಡು ಮಗು

ಕೊನೆಯ ವರ್ಷ ಮಕ್ಕಳನ್ನು ತೂಗುವ ಕೆಲಸ. ನರ್ಸಮ್ಮನ ಹಣೆಬರಹ ಅದರ ಮೇಲೆ ನಿಂತಿತ್ತು. ಲೆಕ್ಕ ಇಷ್ಟೇ: ನರ್ಸಮ್ಮ ಇರುವ ಊರಿನ ಮಕ್ಕಳನ್ನು ತೂಗಬೇಕು. ಗುಡ್ಡದ ಆಚೆ ಇನ್ನೊಂದು ಊರಿದೆ, ಅಲ್ಲಿಗೆ ಆಕೆ ಹೋಗಕೂಡದೆಂದು ಮೊದಲೇ ಹೇಳಿಟ್ಟಿದೆ, ಅಲ್ಲಿನ ಮಕ್ಕಳನ್ನೂ ತೂಗಬೇಕು. ಇಲ್ಲಿನ ಮಕ್ಕಳು ಹೆಚ್ಚು ತೂಗಿದರೆ ನರ್ಸಮ್ಮ ಪಾಸು.

ಹುಣಸೆಮರದ ಕೊಂಬೆಗೆ ತಕ್ಕಡಿ ತೂಗುಹಾಕಿದೆವು. ಅದಕ್ಕೊಂದು ಬಟ್ಟೆಯ ಚಡ್ಡಿ ಇರುತ್ತದೆ, ಮಗುವಿನ ಕಾಲು ಅದರಲ್ಲಿ ತೂರಿಸಿ ನೇತುಹಾಕುವುದು. ಮೊದಲು ಬಂದದ್ದು ಒಳ್ಳೇ ಗುಂಡು ಮಗು. ಕಿರುಚಿ ರಂಪ ಮಾಡಿತು. ನಾಲ್ಕನೆಯದೂ ಗುಂಡಗಿತ್ತು. ಕಾಡಿಗೆಯ ಬೊಟ್ಟು ಕೆನ್ನೆಯ ಬದಲು ಹಣೆಯ ಮೇಲಿತ್ತು. ಅತ್ತಿತು, ಆದರೆ ಸ್ವಲ್ಪ. ಏಳನೆಯ ಗುಂಡು ಮಗು ಅಳಲಿಲ್ಲ. ನನ್ನನ್ನು ನೋಡಿ ನಕ್ಕು, ತಾನೇ ಕಾಲೆತ್ತಿ ಚಡ್ಡಿಯೊಳಗೆ ತೂರಿಸಿತು.

"ಇದು ಯಾರ ಮಗು?" ಎಂದೆ. ತಾಯಂದಿರೆಲ್ಲ ನೆಲ ನೋಡಿದರು. ಕೊನೆಗೆ ಒಬ್ಬ ಮುದುಕಿ ಬಾಯಿ ಬಿಟ್ಟಳು. "ನರ್ಸಮ್ಮನ ಪರೀಕ್ಷೆ ಅಂದರು. ನಮ್ಮವು ಹೇಗೆ ತೂಗ್ತಾವೋ ಏನೋ, ನಮ್ಮಿಂದ ಆಕೆ ಫೇಲಾಗೋದು ಬೇಡ ಅಂತ ಗುಂಡಾಗಿರೋ ಈ ಒಂದನ್ನೇ ಒಬ್ಬರಾದ ಮೇಲೆ ಒಬ್ಬರು ತಂದೆವು."

ನರ್ಸಮ್ಮನಿಗೂ ಇದು ಗೊತ್ತಿರಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬರೆದದ್ದನ್ನೆಲ್ಲ ಹೊಡೆದುಹಾಕಿ, ಅವರವರ ಮಕ್ಕಳನ್ನೇ ತರಿಸಿ ಮತ್ತೆ ತೂಗಿದೆ. ಯಾವ ಮಗುವೂ ತೂಕದಲ್ಲಿ ಸೋತಿರಲಿಲ್ಲ. ಅಷ್ಟೂ ಮೋಸ ದಂಡ. ನರ್ಸಮ್ಮನ ಮುಖ ಅರಳಿತು.

ಮಾರನೆಯ ದಿನ ಗುಡ್ಡದ ಆಚೆಯ ಊರು. ಮೂರನೆಯ ಮನೆಯ ಬಾಗಿಲು ತೆರೆದರೆ ಅದೇ ಗುಂಡು ಮಗು! ನನ್ನನ್ನು ಕಂಡದ್ದೇ ಚಡ್ಡಿಗಾಗಿ ಕಾಲೆತ್ತಿತು. ಅದರ ತಾಯಿಗೆ ನರ್ಸಮ್ಮನ ಊರೇ ತವರು, ನಾಲ್ಕು ದಿನ ಅಲ್ಲಿಗೆ ಹೋಗಿದ್ದಳಂತೆ, ಹಿಂದಿನ ಸಂಜೆಯೇ ವಾಪಸು ಬಂದಿದ್ದಳು. ಅದೊಂದೇ ಅಲ್ಲ, ಆ ಊರಿನ ಮಕ್ಕಳೆಲ್ಲ ಚೆನ್ನಾಗಿಯೇ ತೂಗಿದವು. ಎರಡು ಊರಿಗೂ ವ್ಯತ್ಯಾಸವೇ ಇಲ್ಲ. ಅಂದರೆ ಕಾಗದದ ಮೇಲೆ ನರ್ಸಮ್ಮನ ಕೆಲಸ ಸೊನ್ನೆ.

"ನಿನ್ನ ಹೆರಿಗೆ ನೋಡಿದ್ದು ಯಾರಮ್ಮಾ?" ಎಂದು ಆ ತಾಯಿಯನ್ನು ಕೇಳಿದೆ.

"ನಿಮ್ಮ ನರ್ಸಮ್ಮನೇ. ವಾರಕ್ಕೊಂದು ಸಲ ಗುಡ್ಡ ಹತ್ತಿ ಬರ್ತಾರೆ, ಎಲ್ಲರ ಮನೆಗೂ ಹೋಗ್ತಾರೆ. ನೀವು ಕೇಳಿದರೆ ಮಾತ್ರ ಹೇಳಬೇಡಿ ಅಂದಿದಾರೆ."

ನೇರ ನರ್ಸಮ್ಮನ ಹತ್ತಿರ ಬಂದೆ. "ಅಲ್ಲಿಗೆ ಹೋಗಬೇಡಿ ಅಂತ ನಿಮಗೆ ಹೇಳಿರಲಿಲ್ವಾ?"

"ಹೇಳಿದ್ದಿರಿ ಅಮ್ಮಾ," ಎಂದರು. "ಹೆರಿಗೆ ನೋವಿಗೆ ಯಾರೂ ಹೇಳಿರಲಿಲ್ಲ."

ನನ್ನ ಕಣ್ಣು ತುಂಬಿ ಬಂತು. ಆದದ್ದಾಗಲಿ ಎಂದು ಗುಂಡು ಮಗು, ಗುಡ್ಡ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೇ ವರದಿಯಲ್ಲಿ ಬರೆದೆ. ನಮ್ಮಿಬ್ಬರ ಕೆಲಸವೂ ಹೋಯಿತೆಂದೇ ತಿಳಿದಿದ್ದೆ.

ವಾರದಲ್ಲಿ ಸಂಸ್ಥೆಯ ದೊಡ್ಡ ಡಾಕ್ಟರು ಜೀಪಿನಲ್ಲಿ ಬಂದರು. ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ, ಅಳತೆಯನ್ನೆಲ್ಲ ಕೆಡಿಸಿದಿರಿ ಎಂದು ಚೆನ್ನಾಗಿ ಬೈದರು. ಬೈಯುತ್ತಲೇ ವರದಿ ತಿರುವಿದರು. ಮಗು ತಾನೇ ಕಾಲೆತ್ತಿದ ಜಾಗಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ. "ಆಯ್ತು, ಎರಡೂ ಊರು ಈಕೆಗೇ ಇರಲಿ," ಎಂದರು ಕಣ್ಣೊರೆಸಿಕೊಂಡು. "ಹೋಲಿಸಿ ನೋಡೋಕೆ ಬೇರೆ ಊರು ಹುಡುಕೋಣ."

ನರ್ಸಮ್ಮ ಕೈ ಮುಗಿದು ಗಳಗಳನೆ ಅತ್ತರು. ಆಮೇಲೆ ಮೂಗೊರೆಸಿಕೊಂಡು ಬಹಳ ವಿನಯದಿಂದ ಕೇಳಿದರು:

"ಸರ್, ನಾನು ಹೋಗಬಾರದ ಆ ಊರು ಯಾವುದು ಅಂತ ಈಗಲೇ ಹೇಳಿಬಿಡಿ. ಅಲ್ಲಿ ಬಸುರಿಯರು ಎಷ್ಟು ಜನ ಇದಾರೆ, ನೋಡ್ಕೊಂಡು ಬರ್ತೀನಿ."